ಎರಡು ಮೀಟರ್ ಎಪ್ಪತ್ತು

ನಮ್ಮ ಈಜುಕೊಳದ ಗೋಡೆಯ ಮೇಲೆ, ರಸ್ತೆಯಲ್ಲಿ ಹೋಗುವವರಿಗೂ ಕಾಣುವಷ್ಟು ದೊಡ್ಡದಾಗಿ, ‘ಉದ್ದ 25 ಮೀಟರ್’ ಎಂದು ಬರೆದಿದೆ. ಅದು ಸುಳ್ಳು. ಸುಳ್ಳೆಂದು ಈಗ ಊರಿಗೆಲ್ಲ ಗೊತ್ತು. ಆದರೂ ಹೋದ ತಿಂಗಳು ಆ ಅಕ್ಷರಗಳಿಗೆ ಹೊಸ ಬಣ್ಣ ಹಚ್ಚಿಸಿದ್ದಾರೆ. ಮಾನ ಮರ್ಯಾದೆ ಎನ್ನುವುದು ಇದ್ದಿದ್ದರೆ ಆ ಗೋಡೆಗೆ ಸುಣ್ಣವಾದರೂ ಬಳಿಯುತ್ತಿದ್ದರು. ನಾನು ಅಲ್ಲಿ ಹದಿಮೂರು ವರ್ಷ ಜೀವರಕ್ಷಕನಾಗಿದ್ದೆ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರೂ ನನ್ನನ್ನು ‘ಪೀಪಿ’ ಎಂದೇ ಕರೆಯುವುದು; ನನ್ನ ಹೆಂಡತಿಯೂ ಕೋಪ ಬಂದಾಗ ಹಾಗೇ ಕರೆಯುತ್ತಾಳೆ. ಈಗ ಹೇಳಹೊರಟಿರುವುದು ಟೈಲರ್ ಅಕ್ಕನ ವಿಷಯ. ಅವಳಿಗೆ ಆದ ಅನ್ಯಾಯದಲ್ಲಿ ನನ್ನ ಪಾಲೂ ಇದೆ. ಅದನ್ನು ನುಂಗಿಕೊಂಡು ಬರೀ ಬೇರೆಯವರನ್ನು ಬೈಯುತ್ತ ಹೋದರೆ ಆ ಗೋಡೆಗೂ ನನಗೂ ವ್ಯತ್ಯಾಸವಿರುವುದಿಲ್ಲ.

ಅಕ್ಕನ ಅಂಗಡಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗಿದೆ. ಒಳಗೆ ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ಗೋಡೆಯ ಮೊಳೆಗಳಲ್ಲಿ ಕತ್ತರಿಸಿದ ಕಾಗದದ ಅಳತೆಗಳು. ಮೆಟ್ಟಿಲು ಇಳಿಜಾರಾಗಿ ಬರುವುದರಿಂದ ಒಳಗಿನ ಮೂಲೆಯಲ್ಲಿ ನಿಂತರೆ ತಲೆ ಬಡಿಯುತ್ತದೆ. ಅಕ್ಕ ಮೂವತ್ತು ವರ್ಷ ಆ ಮೂಲೆಯಲ್ಲೇ ಬಗ್ಗಿ ಕೂತು ಪ್ಯಾಂಟಿನ ಕಾಲು ಮಡಚಿದಳು, ಜಿಪ್ಪು ಬದಲಿಸಿದಳು, ಆಸ್ಪತ್ರೆಯ ನರ್ಸುಗಳಿಗೆ ಕೋಟು ಹೊಲಿದಳು. ಐವತ್ತು ದಾಟುತ್ತಿದ್ದ ಹಾಗೆ ಕುತ್ತಿಗೆ ಹಿಡಿದುಕೊಂಡಿತು. ಡಾಕ್ಟರು ಈಜು ಎಂದರು. ಚಿಕ್ಕಂದಿನಲ್ಲಿ ಕಲಿತ ಈಜು ಮರೆತಿರಲಿಲ್ಲ. ಹಾಗೆ ಬಂದವಳು, ಒಂದು ದಿನ ನೋಟೀಸ್ ಬೋರ್ಡಿನ ಮುಂದೆ ನೀರು ತೊಟ್ಟಿಕ್ಕಿಸುತ್ತ ನಿಂತುಬಿಟ್ಟಳು. ಪ್ರತಿ ವರ್ಷ ನಡೆಯುವ ಸರೋವರ ದಾಟುವ ಈಜಿನ ಪ್ರಕಟಣೆ ಅದು. ಈ ದಡದಿಂದ ಆ ದಡಕ್ಕೆ ಹದಿನೆಂಟು ಕಿಲೋಮೀಟರ್.

“ಇಷ್ಟು ದೂರ ಮನುಷ್ಯರು ಈಜ್ತಾರಾ?” ಎಂದಳು.

“ನಾನೇ ಎರಡು ಸಲ ಈಜಿದೀನಿ,” ಎಂದೆ, ಎದೆ ಸ್ವಲ್ಪ ಮುಂದೆ ಮಾಡಿ.

ನನ್ನ ಹೊಟ್ಟೆಯನ್ನು ಮೇಲಿಂದ ಕೆಳಗೆ ಒಮ್ಮೆ ಕಣ್ಣಲ್ಲೇ ಅಳೆದಳು. “ನೀನೇ ಈಜಿದೀಯ ಅಂದ್ಮೇಲೆ ನಂಗೇನು ಕಷ್ಟ?”

ಅವತ್ತಿನಿಂದ ನಾನು ಅವಳ ಕೋಚು. ಮೊದಮೊದಲು ‘ನೀವು’ ಎನ್ನುತ್ತಿದ್ದೆ. ನೀರಿನಲ್ಲಿರುವವಳನ್ನು ದಡದಲ್ಲಿ ನಿಂತು ದಿನಕ್ಕೆ ನೂರು ಸಲ ಬೈಯಬೇಕಾದರೆ ‘ನೀವು’ ಬಾಯಿಗೆ ಬರುವುದಿಲ್ಲ.

ದೂರದ ಈಜು ಕಲಿಸುವುದೆಂದರೆ ವೇಗ ಕಲಿಸುವುದಲ್ಲ, ನಿಲ್ಲದಿರುವುದನ್ನು ಕಲಿಸುವುದು. ಮೊದಲ ತಿಂಗಳು ಇಪ್ಪತ್ತು ನಿಮಿಷ ಎಲ್ಲೂ ನಿಲ್ಲದೆ. ಆಮೇಲೆ ವಾರಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ ಹೆಚ್ಚು. ಅದಕ್ಕಿಂತ ಆಸೆ ಪಟ್ಟರೆ ಭುಜ ಕೈಕೊಡುತ್ತದೆ. ಕೊಳದಲ್ಲಿ ಈಜುವವರು ತುದಿ ಮುಟ್ಟಿದಾಗ ಕಾಲಿನಿಂದ ಗೋಡೆಯನ್ನು ತಳ್ಳಿ ಜಾರಿಕೊಂಡು ಹೋಗುತ್ತಾರೆ. ಅಷ್ಟು ಹೊತ್ತು ತೋಳಿಗೆ ಬಿಡುವು. ಸರೋವರದಲ್ಲಿ ಗೋಡೆ ಎಲ್ಲಿಂದ ಬರಬೇಕು? ಅದಕ್ಕೆ ಅಕ್ಕ ಗೋಡೆಯನ್ನು ಬೆರಳ ತುದಿಯಿಂದ ಮುಟ್ಟಿ ತಿರುಗಬೇಕು, ತಳ್ಳಬಾರದು ಎಂದು ಕಟ್ಟಪ್ಪಣೆ ಮಾಡಿದ್ದೆ. ಅರ್ಧ ಗಂಟೆಗೊಮ್ಮೆ ಸಕ್ಕರೆ ನೀರಿನ ಬಾಟಲಿಯನ್ನು ದಾರ ಕಟ್ಟಿ ಎಸೆಯುತ್ತಿದ್ದೆ. ಏನನ್ನೂ ಹಿಡಿದುಕೊಳ್ಳದೆ, ತೇಲುತ್ತಲೇ ಕುಡಿದು ಮತ್ತೆ ಹೊರಡಬೇಕು. ಚಳಿ ಅಭ್ಯಾಸವಾಗಲೆಂದು ಮನೆಯಲ್ಲಿ ತಣ್ಣೀರಿನ ಡ್ರಮ್ಮಿನೊಳಗೆ ಕುತ್ತಿಗೆವರೆಗೆ ಕೂರುತ್ತಿದ್ದಳು. ಅವಳ ಗಂಡ, ಬಸ್ ಡಿಪೋದಲ್ಲಿ ಟೈಮ್ ಕೀಪರ್, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನಿಮಿಷ ಹೇಳುತ್ತಿದ್ದರಂತೆ. ಗಂಟೆಗಟ್ಟಲೆ ಈಜಿದರೆ ಈಜುಡುಗೆಯ ಹೊಲಿಗೆ ಕಂಕುಳನ್ನು ಉಜ್ಜಿ ಗಾಯ ಮಾಡುತ್ತದೆ. ಉಳಿದವರು ವ್ಯಾಸಲೀನ್ ಬಳಿದುಕೊಂಡು ಗೊಣಗುತ್ತಾರೆ. ಅಕ್ಕ ಇಡೀ ಹೊಲಿಗೆ ಬಿಚ್ಚಿ, ಅಂಚುಗಳನ್ನು ಹೊರಗೆ ತಂದು ಮತ್ತೆ ಹೊಲಿದುಕೊಂಡಳು. ನೋಡುವವರಿಗೆ ಉಡುಗೆ ತಿರುವುಮುರುವು ಹಾಕಿಕೊಂಡ ಹಾಗೆ ಕಾಣುತ್ತಿತ್ತು. “ಅಕ್ಕಾ, ಉಲ್ಟಾ ಹಾಕ್ಕೊಂಡಿದೀರ,” ಎಂದು ದಿನಕ್ಕೊಬ್ಬರಾದರೂ ಹೇಳಿ ಉಪಕಾರ ಮಾಡುತ್ತಿದ್ದರು.

ಎರಡು ವರ್ಷ ಹೀಗೆ ನಡೆಯಿತು. ಕೊನೆಗೆ ಆರುನೂರು ಸುತ್ತು, ಅಂದರೆ ಹದಿನೈದು ಕಿಲೋಮೀಟರ್, ಒಂದೇ ಸಮನೆ ಈಜಿದಳು. ಈ ತುದಿಯಿಂದ ಆ ತುದಿಗೆ ಹೋದರೆ ನಮ್ಮಲ್ಲಿ ಅದನ್ನು ಒಂದು ಸುತ್ತು ಎನ್ನುತ್ತೇವೆ. ಕೊಳದಲ್ಲಿ ಹದಿನೈದು ಆದರೆ ಸರೋವರದಲ್ಲಿ ಹದಿನೆಂಟು ಆಗುತ್ತದೆ, ಇದು ನನ್ನ ಲೆಕ್ಕ. ನನ್ನ ಎರಡೂ ಈಜಿಗೆ ಸರಿಹೋದ ಲೆಕ್ಕ ಅದು.

ಅವಳ ವಿಷಯದಲ್ಲಿ ಸರಿಹೋಗಲಿಲ್ಲ. ಹದಿನಾರನೆಯ ಕಿಲೋಮೀಟರಿನಲ್ಲಿ ಅವಳ ತೋಳು ಏಳದಾದವು. ನಾನು ಜೊತೆಯ ದೋಣಿಯಲ್ಲಿದ್ದೆ. ಆ ದಡದ ನೀರಿನ ಟ್ಯಾಂಕು ಕಾಣುತ್ತಿತ್ತು, ಅದರ ಮೇಲಿನ ಕಬ್ಬಿಣದ ಏಣಿಯೂ ಕಾಣುತ್ತಿತ್ತು. ನಲವತ್ತು ನಿಮಿಷ ಅಕ್ಕ ಅಲ್ಲೇ ಒದ್ದಾಡಿದಳು. ಟ್ಯಾಂಕು ಹತ್ತಿರ ಬರಲಿಲ್ಲ. ತುಟಿ ನೀಲಿಯಾಗಿತ್ತು. ದೋಣಿಯನ್ನೋ ದೋಣಿಯವರ ಕೈಯನ್ನೋ ಮುಟ್ಟಿದರೆ ಈಜು ಅಲ್ಲಿಗೆ ಮುಗಿಯಿತು, ಇದು ನಿಯಮ. “ಅಕ್ಕಾ, ಸಾಕು ಬಾ,” ಎಂದು ಕೈ ಚಾಚಿದವನು ನಾನು. ಅವಳು ಆ ಕೈಯನ್ನು ತುಂಬ ಹೊತ್ತು ನೋಡಿ, ಆಮೇಲೆ ಹಿಡಿದಳು.

ದಡದಲ್ಲಿ ಅವಳ ಗಂಡ ಏನಾಯಿತೆಂದು ಕೇಳಿದಾಗ ನನ್ನ ಬಾಯಿಂದ ಬಂದ ಮಾತು ಇದು: “ವಯಸ್ಸು ಅಲ್ವಾ ಭಾವ. ಎಷ್ಟು ಅಂತ ತಡ್ಕೊಳ್ಳುತ್ತೆ ಮೈ?”

ಆ ಮಾತು ಬಸ್ಸಿನಲ್ಲಿ ನಮಗಿಂತ ಮುಂಚೆ ಊರು ಸೇರಿತು. ಮಗಳು, “ಅಮ್ಮಾ, ನಾನು ಮೊದಲೇ ಹೇಳಿರ್ಲಿಲ್ವಾ, ಈ ವಯಸ್ಸಲ್ಲಿ ಬೇಡ ಅಂತ,” ಎಂದಳು. ಬಟ್ಟೆ ಕೊಡಲು ಬಂದವರೂ ಲೊಚಗುಟ್ಟಿದರು. ಹತ್ತು ಜನ ಹತ್ತು ಸಲ ಹೇಳಿದರೆ ಯಾರು ತಾನೇ ನಂಬುವುದಿಲ್ಲ? ಅಕ್ಕನೂ ನಂಬಿದಳು. ಆ ವರ್ಷ ನರ್ಸುಗಳ ಕೋಟಿನ ದೊಡ್ಡ ಆರ್ಡರು ಬಂದಾಗ, ಕಣ್ಣು ಸಾಲದು ಎಂದು ವಾಪಸು ಕಳಿಸಿದಳು. ಕಣ್ಣಿಗೆ ಏನೂ ಆಗಿರಲಿಲ್ಲ. ಕಾಲಲ್ಲಿ ತುಳಿಯುವ ಮಿಷನ್ನಿಗೆ ಮೋಟರು ಹಾಕಿಸಿದಳು. ಬಸ್ಸಿನಲ್ಲಿ ಹಿರಿಯರ ಸೀಟಿನಲ್ಲಿ ಕೂರತೊಡಗಿದಳು. ಒಮ್ಮೆ ನಾನೇ ಕಣ್ಣಾರೆ ನೋಡಿದೆ, ತನಗಿಂತ ಗಟ್ಟಿಮುಟ್ಟಾದ ಒಬ್ಬ ಮುದುಕರ ಪಕ್ಕದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೊಳಕ್ಕೆ ವಾರಕ್ಕೆರಡು ದಿನ ಬರುತ್ತಿದ್ದಳು, ಆಳವಿಲ್ಲದ ಕಡೆ, ಮಂಡಿನೋವಿನವರ ಜೊತೆ ನೀರಿನಲ್ಲಿ ನಡೆದಾಡಿ ಹೋಗುತ್ತಿದ್ದಳು. ಮುಂದಿನ ವರ್ಷದ ಈಜಿನ ಪ್ರಕಟಣೆ ಬಂದಾಗ ಬೋರ್ಡಿನ ಕಡೆ ಕತ್ತೆತ್ತಿಯೂ ನೋಡಲಿಲ್ಲ.

ಅದಾದ ಮೇಲೊಂದು ದಿನ ತಂಗಿಯ ಊರಿಗೆ ಹೋದಳು. ಅಲ್ಲಿ ತಂಗಿಯ ಜೊತೆ ಸುಮ್ಮನೆ ಅಲ್ಲಿನ ಕೊಳಕ್ಕೆ ಇಳಿದಳಂತೆ. ಅಕ್ಕನಿಗೆ ಒಂದು ಚಾಳಿ: ಹೊಲಿಯುವಾಗ ಹೊಲಿಗೆ ಎಣಿಸುತ್ತಾಳೆ, ಈಜುವಾಗ ಕೈ ಬೀಸಿದ್ದನ್ನು ಎಣಿಸುತ್ತಾಳೆ. ನಮ್ಮ ಕೊಳದಲ್ಲಿ ಒಂದು ಸುತ್ತಿಗೆ ಅವಳಿಗೆ ಇಪ್ಪತ್ತೈದು ಕೈ. ನಿದ್ದೆಯಲ್ಲಿ ಈಜಿಸಿದರೂ ಇಪ್ಪತ್ತೈದೇ. ಅಲ್ಲಿ ಇಪ್ಪತ್ತೆಂಟಾಯಿತು. ಮತ್ತೆ ಎಣಿಸಿದಳು, ಇಪ್ಪತ್ತೆಂಟು. ಆ ಕೊಳವೂ ಇಪ್ಪತ್ತೈದು ಮೀಟರಿನದೇ.

ವಾಪಸು ಬಂದು ನನಗೆ ಹೇಳಿದಾಗ ನಾನು ನಕ್ಕೆ. “ವರ್ಷದಿಂದ ಈಜಿಲ್ಲ ನೀನು. ಕೈ ಚಿಕ್ಕದಾಗಿದೆ ಅಷ್ಟೆ.”

“ಹೌದಾ?” ಎಂದು ನಮ್ಮ ಕೊಳಕ್ಕೆ ಇಳಿದಳು. ಒಂದು ಸುತ್ತು ಹೋಗಿ, ತಲೆ ಎತ್ತಿ, “ಇಪ್ಪತ್ತೈದು,” ಎಂದಳು.

ಮಾರನೆಯ ದಿನ ಅಂಗಡಿಯಿಂದ ಅಳತೆ ಟೇಪು, ಹಿಗ್ಗದ ದಪ್ಪ ದಾರದ ಉಂಡೆ ತಂದಳು. ಟೇಪಿನಿಂದ ದಾರಕ್ಕೆ ಮೀಟರಿಗೊಂದು ಗಂಟು ಹಾಕಿದಳು. ದಾರದ ಒಂದು ತುದಿ ನನ್ನ ಕೈಗೆ ಕೊಟ್ಟು ತಾನು ಆ ಕಡೆ ಹೋದಳು. ಇಪ್ಪತ್ತೆರಡು ಗಂಟು, ಅದರ ಮೇಲೆ ಮೂವತ್ತು ಸೆಂಟಿಮೀಟರ್. ಮೂರು ಸಲ ಅಳೆದಳು. ಜನರ ಸೊಂಟ, ಎದೆ, ತೋಳು ಅಳೆಯುತ್ತ ಮೂವತ್ತು ವರ್ಷ ಕಳೆದವಳು, ಎರಡು ವರ್ಷ ಈಜಿದ ಕೊಳವನ್ನು ಮಾತ್ರ ಅಳೆಯದೆ ಗೋಡೆಯ ಮೇಲಿನ ಅಕ್ಷರವನ್ನು ನಂಬಿದ್ದಳು. ಒದ್ದೆ ನೆಲದ ಮೇಲೆ ಕೂತು ಬೆರಳಲ್ಲೇ ಲೆಕ್ಕ ಹಾಕಿದಳು.

“ಆರುನೂರು ಸುತ್ತು ಅಂದ್ರೆ ಹದಿನೈದಲ್ಲ ಕಣೋ. ಹದಿಮೂರು ಚಿಲ್ಲರೆ.” ದಾರದ ಕೊನೆಯ ಗಂಟನ್ನು ಹಿಡಿದು ನೋಡಿದಳು. “ಹಾಗಾದ್ರೆ ಅವತ್ತು ನನ್ನ ಮೈ ಸೋತಿದ್ದಲ್ಲ.”

ಮುಖದಲ್ಲಿ ಮೊದಲು ಬಂದದ್ದು ಸಮಾಧಾನ. ಅದರ ಬೆನ್ನಿಗೇ ಸಿಟ್ಟು ಬಂತು. ಅಕ್ಕನಿಗೆ ಅಷ್ಟು ಸಿಟ್ಟು ಬಂದಿದ್ದನ್ನು ನಾನು ನೋಡಿರಲಿಲ್ಲ. ದಾರವನ್ನು ಕೈಗೆ ಸುತ್ತಿಕೊಂಡು ನೇರವಾಗಿ ಮ್ಯಾನೇಜರ್ ರೂಮಿಗೆ ನುಗ್ಗಿದಳು.

ಮ್ಯಾನೇಜರು ಟೀ ಲೋಟ ಕೆಳಗಿಡದೆಯೇ ಹೇಳಿದರು, “ನೋಡೀಮ್ಮ, ಹೊರಗೆ ಗೋಡೆ ಮೇಲಿನ ಬೋರ್ಡಲ್ಲಿ ಇಪ್ಪತ್ತೈದು ಅಂತ ಇದೆ.”

“ಬೋರ್ಡಲ್ಲಿ ಈಜಲ್ಲ ಸರ್ ನಾನು, ನೀರಲ್ಲಿ ಈಜೋದು.”

“ಬಟ್ಟೆ ಅಳೆಯೋ ಟೇಪಲ್ಲಿ ಕೊಳ ಅಳೆದರೆ ಹಿಂಗೇ ಆಗೋದು.”

“ಸರಿ, ನಿಮ್ಮ ಟೇಪು ತನ್ನಿ.”

ಅವರ ಬಳಿ ಟೇಪು ಇರಲಿಲ್ಲ. ತರಿಸುವ ಮನಸ್ಸೂ ಇರಲಿಲ್ಲ. ಒಂದೂವರೆ ಸಾವಿರ ಜನ ಬಂದುಹೋಗುವ ಕೊಳಕ್ಕೆ ಒಂದು ಟೇಪು ತರಿಸಲು ಅರ್ಜಿ, ಅರ್ಜಿಗೆ ಒಪ್ಪಿಗೆ, ಒಪ್ಪಿಗೆಗೆ ಮೇಲಿನವರ ಸಹಿ ಬೇಕಂತೆ! ಅಷ್ಟರಲ್ಲಿ ಗಲಾಟೆ ಕೇಳಿ ಈಜುವವರೆಲ್ಲ ಟವಲು ಸುತ್ತಿಕೊಂಡು ಬಾಗಿಲಲ್ಲಿ ಸೇರಿದ್ದರು. ಅವರಾದರೂ ಅಕ್ಕನ ಪರ ನಿಲ್ಲುತ್ತಾರೆಂದುಕೊಂಡೆ. ನಿಲ್ಲುವುದಿರಲಿ, ಅವಳ ಮೇಲೇ ತಿರುಗಿಬಿದ್ದರು. ಎಲ್ಲರಿಗಿಂತ ಹೆಚ್ಚು ಕೂಗಾಡಿದ್ದು ರಿಟೈರಾದ ಲೆಕ್ಕದ ಮೇಷ್ಟ್ರು. ಹಿರಿಯರ ವಿಭಾಗದ ಸಾವಿರ ಮೀಟರ್ ದಾಖಲೆ ಅವರದು. ಹೆಸರು ಹಾಕಿದ ಫಲಕ ಟಿಕೆಟ್ ಕಿಟಕಿಯ ಪಕ್ಕದಲ್ಲೇ ಇದೆ. ಸಾವಿರ ಮೀಟರ್ ಎಂದರೆ ನಲವತ್ತು ಸುತ್ತು. ಕೊಳ ಗಿಡ್ಡ ಎಂದಾದರೆ ಆ ಸಾವಿರ ಒಂಬೈನೂರರ ಕೆಳಗೆ ಇಳಿಯುತ್ತದೆ. ಜೀವನಪೂರ್ತಿ ಮಕ್ಕಳಿಗೆ ಗುಣಾಕಾರ ಕಲಿಸಿ, ತಪ್ಪಿದವರ ಕಿವಿ ಹಿಂಡಿದ ಆ ಮನುಷ್ಯ, “ಲೆಕ್ಕಾಚಾರ ಎಲ್ಲಾ ಬೇಡ, ಇಷ್ಟು ವರ್ಷ ಇಲ್ದಿದ್ದು ಈಗ ಯಾಕೆ?” ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ಆದರೆ ನಾನು ಬಾಯಿ ಬಿಡಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಅಕ್ಕ ಕೊಳಕ್ಕೆ ಬರುವುದಕ್ಕೆ ಎರಡು ವರ್ಷ ಮೊದಲು, ನಾನು ಎರಡೂ ಸಲ ಸರೋವರ ದಾಟಿ ಆದ ಮೇಲೆ, ಆಳದ ತುದಿಯ ಗೋಡೆ ಬಿರುಕು ಬಿಟ್ಟಿತ್ತು. ಹಳೆಯದನ್ನು ಒಡೆಯಲು ತಿಂಗಳು ಬೇಕೆಂದು ಕಂಟ್ರಾಕ್ಟರು ಅದರ ಮುಂದೆಯೇ ಹೊಸ ಗೋಡೆ ಎಬ್ಬಿಸಿದ. ನಡುವಿನ ಜಾಗದಲ್ಲಿ ಪೈಪು, ಮೋಟರು ಇಳಿಸಿ, ಮೇಲೆ ಚಪ್ಪಡಿ ಹಾಸಿ ಟೈಲ್ಸ್ ಹಾಕಿದ. ಆ ಚಪ್ಪಡಿಯ ಮೇಲೆ ನನ್ನ ಕುರ್ಚಿ ಇಟ್ಟರು. ಎರಡು ಮೀಟರ್ ಎಪ್ಪತ್ತು ಸೆಂಟಿಮೀಟರ್. ಇಷ್ಟು ವರ್ಷ ಅಕ್ಕನ ದೂರದ ಮೇಲೆ ಕುರ್ಚಿ ಹಾಕಿಕೊಂಡು ಕೂತು, ‘ಇನ್ನೂ ಹತ್ತು ಸುತ್ತು, ಇನ್ನೂ ಹತ್ತು ಸುತ್ತು’ ಎಂದು ಸೀಟಿ ಊದಿದವನು ನಾನು. ಗೋಡೆ ಕಟ್ಟುವಾಗ ಅಲ್ಲೇ ಇದ್ದೆ. ಕೊಳ ಗಿಡ್ಡವಾಯಿತೆಂದು ಹೊಳೆಯಲೇ ಇಲ್ಲ, ಬೋರ್ಡು ಬದಲಾಗಿರಲಿಲ್ಲವಲ್ಲ! ಹೊಳೆದ ಮೇಲೂ, ಅವತ್ತು ಆ ಬಾಗಿಲಲ್ಲಿ, ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡೆ. ಜನ ಚದುರಿದ ಮೇಲೆ ಅಕ್ಕನೊಬ್ಬಳಿಗೆ ಮಾತ್ರ ಗೋಡೆಯ ವಿಷಯ ಹೇಳಿದೆ.

ಅಕ್ಕ ಯಾರ ಜೊತೆಯೂ ಮತ್ತೆ ಜಗಳ ಆಡಲಿಲ್ಲ. ಮಂಡಿನೋವಿನವರ ಗುಂಪು ಬಿಟ್ಟು ತನ್ನ ಹಳೆಯ ಸಾಲಿಗೆ ಮರಳಿದಳು. ಎಲ್ಲ ಲೆಕ್ಕವನ್ನೂ ಇಪ್ಪತ್ತೆರಡು ಮೂವತ್ತರಿಂದ ಹೊಸದಾಗಿ ಹಾಕಿದಳು. ಮತ್ತೆ ಇಪ್ಪತ್ತು ನಿಮಿಷದಿಂದ ಶುರು, ಮತ್ತೆ ವಾರಕ್ಕೆ ಹತ್ತರಲ್ಲೊಂದು ಪಾಲು. ಭಾನುವಾರ, ಸರೋವರದ ಈಜು ನಡೆಸುವ ಸಮಿತಿಯ ದೋಣಿ ಹೊರಡುವ ದಿನ, ಎರಡು ಗಂಟೆ ಬಸ್ಸಿನಲ್ಲಿ ಹೋಗಿ ಸರೋವರದ ತಣ್ಣೀರಿನಲ್ಲಿ ಈಜಿ ಬರುತ್ತಿದ್ದಳು. ಕೊಳದಲ್ಲಿ ಯಾರೂ ಅವಳ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಮೇಷ್ಟ್ರು ಅವಳು ಇಳಿದರೆ ತಾವು ಮೇಲೇಳುತ್ತಿದ್ದರು. ಕೆಲವರು, “ಏನಮ್ಮ, ಇವತ್ತು ನೀರು ಅಳೆದ್ಯಾ?” ಎಂದು ಹಲ್ಲು ಕಿರಿಯುತ್ತಿದ್ದರು. ಮಗಳು ಬೇರೆ, “ಬಿಟ್ಟುಬಿಡಮ್ಮ, ವಯಸ್ಸಾಗಿದೆ ಅಂತ ಒಪ್ಕೊಳ್ಳೋಕೆ ಆಗ್ದೆ ಗೋಡೆ ಮೇಲೆ ಹಾಕ್ತಿದೀಯ ಅಂತಾರೆ ಜನ,” ಎಂದಳಂತೆ. ಈ ಮಾತೊಂದು ಅಕ್ಕನಿಗೆ ನಾಟಿತ್ತು. ಗೋಡೆಯೋ ಮೈಯೋ, ಇದು ತೀರ್ಮಾನವಾಗಬೇಕಿದ್ದರೆ ಸರೋವರ ದಾಟಬೇಕು, ಬೇರೆ ದಾರಿ ಇಲ್ಲ ಎಂದು ನನ್ನ ಬಳಿ ಹೇಳಿದಳು.

ದಾಟಲು ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆಗೆ ಒಂದು ಅರ್ಜಿ: ಹತ್ತು ಕಿಲೋಮೀಟರ್ ನಿಲ್ಲದೆ ಈಜಿದ್ದಕ್ಕೆ ಪುರಾವೆ, ಕೊಳದ ಉದ್ದ ಎಷ್ಟು, ಎಷ್ಟು ಸುತ್ತು, ಕೆಳಗೆ ಸಹಿ. ಬೋರ್ಡಿನ ಪ್ರಕಾರ ನಾನೂರು ಸುತ್ತು. ಅಕ್ಕ ಈಜಿದ್ದು ನಾನೂರ ನಲವತ್ತೊಂಬತ್ತು. ಬೆಳಿಗ್ಗೆ ಕೊಳ ತೆರೆದಾಗಲೇ ಇಳಿದಳು. ನಾನು ಹತ್ತು ಸುತ್ತಿಗೊಂದರಂತೆ ಅಂಗಿಯ ಗುಂಡಿಯನ್ನು ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕುತ್ತಿದ್ದೆ. ನಾನೂರಕ್ಕೆ ಮ್ಯಾನೇಜರು ಕಿಟಕಿಯಿಂದ, “ಆಯ್ತಲ್ಲ, ಮೇಲೆ ಬರೋಕೆ ಹೇಳು,” ಎಂದರು. ಅಕ್ಕ ಬರಲಿಲ್ಲ. ಇನ್ನೂ ನಲವತ್ತೊಂಬತ್ತು ಸುತ್ತು ಹಾಕಿ, ಮೆಟ್ಟಿಲು ಹತ್ತಿ ಬಂದು, ಅರ್ಜಿಯನ್ನು ಒದ್ದೆ ಕೈಯಲ್ಲೇ ಅವರ ಮುಂದೆ ಹಿಡಿದಳು.

ಮ್ಯಾನೇಜರು ಓದಿ, ಅರ್ಜಿಯನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು. “ಉದ್ದ ಇಪ್ಪತ್ತೆರಡು ಮೂವತ್ತು ಅಂತ ಬರೆದಿದೀರ. ಇದಕ್ಕೆ ನಾನು ಸಹಿ ಹಾಕಲ್ಲ.”

“ನಾನು ಈಜಿದ್ದು ಸುಳ್ಳಾ?”

“ಸುಳ್ಳು ಅಂತ ಯಾರು ಹೇಳಿದ್ರು? ಉದ್ದ ಇಪ್ಪತ್ತೈದು, ಸುತ್ತು ನಾನೂರು ಅಂತ ಬರೆದು ಕೊಡಿ. ಈಗ್ಲೇ ಸಹಿ ಹಾಕ್ತೀನಿ. ನಿಮಗೂ ಕೆಲ್ಸ ಆಗುತ್ತೆ, ನಮಗೂ ತಲೆನೋವಿಲ್ಲ.”

ನೋಡಿ ಹೇಗಿದೆ! ಈಜದ ಲೆಕ್ಕಕ್ಕೆ ಸಹಿ ಸಿದ್ಧ, ಈಜಿದ ಲೆಕ್ಕಕ್ಕೆ ಸಹಿ ಇಲ್ಲ. ನಾನು ಅಕ್ಕನ ಕಿವಿಯಲ್ಲಿ, “ಬರೆದುಬಿಡು ಅಕ್ಕ, ಹತ್ತು ಕಿಲೋಮೀಟರ್ ಈಜಿದ್ದು ನಿಜ ತಾನೇ,” ಎಂದೆ.

ಅವಳು ನನ್ನ ಕಡೆ ನೋಡದೆ ಮ್ಯಾನೇಜರಿಗೇ ಹೇಳಿದಳು, “ಈ ಸುಳ್ಳನ್ನ ನಂಬಿ ಒಂದು ಸಲ ಮುಳುಗೋದರಲ್ಲಿದ್ದೆ. ನನ್ನ ಕೈಯಾರೆ ಅದನ್ನೇ ಬರೀಬೇಕಾ? ನಾಳೆ ಇನ್ನೊಬ್ಬಳು ನಾನೂರು ಈಜಿ, ಹತ್ತು ಆಯ್ತು ಅಂದ್ಕೊಂಡು ಆ ನೀರಿಗೆ ಇಳಿತಾಳೆ.”

ಅರ್ಜಿ ಮಡಚಿಕೊಂಡು ಹೊರಟುಹೋದಳು. ಆ ಅರ್ಜಿಯಲ್ಲಿ ಸಹಿಯ ಜಾಗದ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಕೊಳದ ಅಧಿಕಾರಿ ಅಥವಾ ಕರ್ತವ್ಯದಲ್ಲಿದ್ದ ಜೀವರಕ್ಷಕ’ ಎಂದಿತ್ತು. ನಾನು ಓದಿದ್ದೆ. ಅವಳೂ ಓದಿದ್ದಳು. ಆದರೂ ನನ್ನನ್ನು ಕೇಳಲಿಲ್ಲ. ಅದು ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇವನ ಕೈಲಿ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತಲ್ಲ, ಅದಕ್ಕೆ.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಂಗಡಿಗೆ ಹೋದೆ. ಅಕ್ಕ ಯಾರದೋ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಅರ್ಜಿ ಕೊಡು,” ಎಂದೆ.

“ಯಾಕೆ?”

“ಸಹಿ ಹಾಕ್ತೀನಿ.”

“ಗೋಡೆ ಕಟ್ಟುವಾಗ ಎಲ್ಲಿದ್ದೆ ನೀನು?” ಎಂದಳು, ದಾರ ಕೀಳುತ್ತಲೇ.

“ಅಲ್ಲೇ ಇದ್ದೆ.”

“ನಾನು ಮ್ಯಾನೇಜರ್ ಹತ್ರ ಜಗಳ ಆಡ್ತಿರುವಾಗ?”

“ಅಲ್ಲೇ ಇದ್ದೆ, ಅಕ್ಕ.”

“ನಮ್ಮೆಜಮಾನ್ರ ಹತ್ರ ವಯಸ್ಸು ಅಂತ ಹೇಳಿದ್ದು ಯಾರು?”

ಮೆಟ್ಟಿಲ ಮೇಲೆ ಯಾರೋ ಧಡಧಡ ಇಳಿದುಹೋದರು. ಅಕ್ಕ ಪ್ಯಾಂಟು ಪಕ್ಕಕ್ಕಿಟ್ಟು, ಇಸ್ತ್ರಿ ಮೇಜಿನ ಡ್ರಾಯರಿನಿಂದ ಅರ್ಜಿ ತೆಗೆದು ನನ್ನ ಮುಂದೆ ಹಾಕಿದಳು. ‘ಉದ್ದ 22 ಮೀ. 30 ಸೆಂ.ಮೀ., ಸುತ್ತು 449’ ಎಂದು ಅವಳು ಬರೆದದ್ದರ ಕೆಳಗೆ, ‘ನಾನೇ ಎಣಿಸಿದ್ದೇನೆ, ಅಳೆಯುವಾಗಲೂ ದಾರ ಹಿಡಿದಿದ್ದೇನೆ’ ಎಂದು ಬರೆದು ಸಹಿ ಹಾಕಿದೆ.

“ಕೆಲ್ಸ ಹೋದ್ರೆ?” ಎಂದಳು.

“ನಿನ್ನ ಅಂಗಡೀಲಿ ಗುಂಡಿ ಹಾಕ್ತೀನಿ.”

“ನೀನು ಹಾಕಿದ ಗುಂಡಿ ಎರಡು ದಿನ ನಿಲ್ಲಲ್ಲ,” ಎಂದಳು. ನಗಲಿಲ್ಲ, ಆದರೆ ಕೂರಲು ಸ್ಟೂಲು ಮುಂದಕ್ಕೆ ತಳ್ಳಿದಳು.

ಕೆಲಸ ಹೋಗಲಿಲ್ಲ. ಸೀಟಿ ಹೋಯಿತು. ಮ್ಯಾನೇಜರು ನನ್ನನ್ನು ಗೇಟಿಗೆ ಹಾಕಿ, ಟಿಕೆಟು ಹರಿಯುವ ಕೆಲಸ ಕೊಟ್ಟರು. ನೀರಿನಿಂದ ಒಂಬತ್ತು ಜನರನ್ನು ಎತ್ತಿ ಬದುಕಿಸಿದವನು ಈಗ ಚಪ್ಪಲಿ ಸಾಲಾಗಿ ಬಿಡಿ ಎಂದು ಹೇಳುತ್ತ ಕೂತಿದ್ದೇನೆ. ನನ್ನ ಜಾಗಕ್ಕೆ ಬಂದವನು ಮೊಬೈಲು ನೋಡುತ್ತ ಕೂರುತ್ತಾನೆ, ಅದೇ ಚಪ್ಪಡಿಯ ಮೇಲೆ, ಅದೇ ಕುರ್ಚಿಯಲ್ಲಿ. ಅರ್ಜಿ ನೋಡಿದ ಸಮಿತಿಯವರು, ಇದೇನು ವಿಚಿತ್ರ ಸಂಖ್ಯೆ ಎಂದು ಕೇಳಿ, ಕೊನೆಗೆ ಅಕ್ಕನಿಗೆ ಒಪ್ಪಿಗೆ ಕೊಟ್ಟರು. ಕೊಳ ಅಳೆಯಲು ಮಾತ್ರ ಅವರೂ ಯಾರನ್ನೂ ಕಳಿಸಲಿಲ್ಲ.

ದಾಟುವ ದಿನ ಬೆಳಕು ಹರಿಯುವ ಹೊತ್ತಿಗೆ ಅಕ್ಕ ನೀರಿಗಿಳಿದಳು. ಜೊತೆಯ ದೋಣಿಯಲ್ಲಿ ನಾನು, ದೋಣಿಯವನು, ಸಮಿತಿಯ ಒಬ್ಬ ಹೆಂಗಸು. ಬೇರೆಯವರನ್ನು ಕರೆದುಕೋ ಎಂದಿದ್ದೆ. “ನೀನೇ ಬಾ. ಈ ಸಲ ನೋಡು,” ಎಂದಿದ್ದಳು. ಅರ್ಧ ಗಂಟೆಗೊಮ್ಮೆ ಬಾಟಲಿ ಎಸೆದೆ, ಗಂಟೆಗೊಮ್ಮೆ ಬಾಳೆಹಣ್ಣಿನ ತುಂಡು. ಎಂಟನೆಯ ಕಿಲೋಮೀಟರಿನವರೆಗೆ ನೀರು ಸುಮ್ಮನಿತ್ತು. ಆಮೇಲೆ ಗಾಳಿ ಎದ್ದು ಅಲೆ ಎದುರಿಗೆ ಬಂತು. ಬಲಗಡೆ ಉಸಿರು ತೆಗೆದುಕೊಂಡರೆ ಬಾಯಿಗೆ ನೀರು ಹೊಡೆಯುತ್ತಿತ್ತು, ಎಡಗಡೆಗೆ ಬದಲಿಸಿದಳು. ಹನ್ನೆರಡರಲ್ಲಿ ಒಂದು ಸಲ ವಾಂತಿ ಮಾಡಿದಳು. ಮುಖ ತೊಳೆದುಕೊಂಡು, “ಎಷ್ಟು ಕೈ?” ಎಂದು ಕೇಳಿದಳು. ನಿಮಿಷಕ್ಕೆ ಐವತ್ತೆರಡು ಎಂದೆ. ಸರಿ ಎಂದು ಹೊರಟಳು.

ಹದಿನಾರು ಬಂತು. ಆ ಟ್ಯಾಂಕು, ಆ ಏಣಿ ಕಂಡವು. ಅವಳ ಕೈ ನಲವತ್ತೈದಕ್ಕೆ ಇಳಿಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಲವತ್ತು. ನನ್ನ ಕೈ ತಾನಾಗಿಯೇ ದೋಣಿಯ ಅಂಚಿಗೆ ಹೋಯಿತು. ಹದಿಮೂರು ವರ್ಷದ ಅಭ್ಯಾಸ, ಯಾರಾದರೂ ನಿಧಾನವಾದರೆ ಚಾಚಿಕೊಳ್ಳುತ್ತದೆ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತೆ. ಸಮಿತಿಯ ಹೆಂಗಸು, “ಚಳಿನಾ?” ಎಂದು ಕೇಳಿದರು. ಹೌದೆಂದೆ. ಅಕ್ಕ ಬಾಟಲಿ ಬೇಡವೆಂದು ತಲೆಯಾಡಿಸಿದಳು. ಕೈ ನಲವತ್ತರಲ್ಲೇ ನಿಂತಿತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಟ್ಯಾಂಕು ಹತ್ತಿರ ಬರತೊಡಗಿತು. ಏಣಿಯ ಮೆಟ್ಟಿಲು ಎಣಿಸುವಷ್ಟಾಯಿತು. ಆಮೇಲೆ ದಡದ ಜನರ ಮುಖ ಕಾಣಿಸಿತು.

ನಿಯಮದ ಪ್ರಕಾರ ಈಜುವವರು ಯಾರ ಸಹಾಯವೂ ಇಲ್ಲದೆ ನೀರಿನಿಂದ ಪೂರ್ತಿ ಹೊರಗೆ ನಡೆದು ಬರಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಅಕ್ಕ ಮಂಡಿಯುದ್ದದ ನೀರಿನಲ್ಲಿ ಎದ್ದು ನಿಂತು, ಒಮ್ಮೆ ಬಿದ್ದು, ಕೈಯೂರಿ ಎದ್ದು, ಒಣ ಕಲ್ಲಿನ ಮೇಲೆ ಬಂದು ನಿಂತಳು. ಜನ ಚಪ್ಪಾಳೆ ತಟ್ಟಿದರು. ಮಗಳು ಓಡಿ ಬಂದು ತಬ್ಬಿಕೊಂಡು, “ಅಮ್ಮಾ, ಈ ವಯಸ್ಸಲ್ಲಿ! ಈ ವಯಸ್ಸಲ್ಲಿ!” ಎಂದು ಕಿರುಚಿದಳು. ಪೇಪರಿನವನೊಬ್ಬ ಪುಸ್ತಕ ಹಿಡಿದು ಬಂದು, “ಇಷ್ಟು ವಯಸ್ಸಾದ್ಮೇಲೂ ಹೇಗೆ ಸಾಧ್ಯ ಆಯ್ತು?” ಎಂದು ಕೇಳಿದ. ದಾಟದೆ ಬಂದರೂ ವಯಸ್ಸು, ದಾಟಿ ಬಂದರೂ ವಯಸ್ಸು! ಅವನ ಪುಸ್ತಕ ಕಿತ್ತು ನೀರಿಗೆಸೆಯುವಷ್ಟು ಸಿಟ್ಟು ಬಂತು ನನಗೆ.

ಅಕ್ಕ ಅಳತೊಡಗಿದಳು. ಗಂಡ ಟವಲು ಹೊದಿಸಿ, “ಅಳಲಿ ಬಿಡಿ, ಖುಷಿಗೆ,” ಎಂದು ಸುತ್ತಲಿನವರಿಗೆ ಹೇಳಿದರು. ಅದು ಖುಷಿಯಲ್ಲ ಎಂದು ನನಗೆ ಗೊತ್ತಾಯಿತು. ದೋಣಿ ಇಳಿದು ಹತ್ತಿರ ಹೋದೆ. ಹಲ್ಲು ಕಟಕಟ ಎನ್ನುತ್ತಿತ್ತು ಅವಳಿಗೆ, ಮಾತು ತುಂಡುತುಂಡಾಗಿ ಬಂತು.

“ಇದು ಅವತ್ತೇ ಆಗ್ತಿತ್ತು ಕಣೋ,” ಎಂದಳು. “ಅವತ್ತೇ ಆಗ್ತಿತ್ತು. ಒಂದು ವರ್ಷ ಸುಮ್ಸುಮ್ನೆ ಮುದುಕಿಯಾಗಿ ಬದುಕಿದೆ.”